ಚಿತ್ರಪಟದಲ್ಲಿ ಗೋಧಿಯ ಹೊಲ

ನಮ್ಮ ತರಗತಿಯ ಗೋಡೆಗೆ ವರ್ಷಕ್ಕೊಂದು ಕ್ಯಾಲೆಂಡರು ಬರುವುದುಂಟು. ಒಂದು ವರ್ಷ ಬಂದುದರಲ್ಲಿ ಯಾವುದೋ ಪರದೇಶದ ಗೋಧಿಯ ಹೊಲದ ಬಣ್ಣದ ಛಾಯಾಚಿತ್ರವಿತ್ತು. ಮೇಲೆ ನಿರ್ಮಲವಾದ ನೀಲಿಯ ಆಕಾಶ. ಕೆಳಗೆ ದಿಗಂತದವರೆಗೂ ಹೊಂಬಣ್ಣ. ನಡುವೆ ಒಂದೇ ಒಂದು ಮರ. ಪಾಠದಲ್ಲಿ ಪ್ರಕೃತಿವರ್ಣನೆಯ ಪ್ರಸಂಗ ಬಂದಾಗ ಅದರತ್ತ ಕೈಮಾಡಿ, "ನೋಡಿರಪ್ಪ, ಬಂಗಾರದ ಕಡಲು ಎಂದರೆ ಇದೇ" ಎಂದೆ. ಹಿಂದಿನ ಸಾಲಿನಿಂದ ನವಲಗುಂದದ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಗುರುಗಳ, ಈ ಗೋದಿ ಹಣ್ಣಾಗಿ ಭಾಳ ದಿನ ಆಗೇದರಿ. ಇನ್ನೂ ಯಾಕ ಕೊಯ್ದಿಲ್ಲ? ಕಾಳು ಉದುರತಾವಲ್ಲರಿ" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಬಣ್ಣವನ್ನು ಕಂಡಿದ್ದೆ. ಹುಡುಗ ಬೆಳೆಯನ್ನು ಕಂಡಿದ್ದ. ಇಬ್ಬರಲ್ಲಿ ಚಿತ್ರವನ್ನು ಸರಿಯಾಗಿ ನೋಡಿದವರು ಯಾರು?

ಗೋಧಿಯ ಹೊಲವನ್ನು ಚಿತ್ರಿಸಿದ ದೊಡ್ಡವರ ಕೃತಿಗಳನ್ನು ಈ ಪ್ರಶ್ನೆಯೊಡನೆ ಮತ್ತೊಮ್ಮೆ ನೋಡುತ್ತ ಹೋದೆ. ಪುಸ್ತಕಗಳಲ್ಲಿ ಅಚ್ಚಾದ ಪ್ರತಿಗಳನ್ನು ನೋಡಿದ್ದಷ್ಟೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಿವಿಯಿಂದ ಕೇಳುವುದಕ್ಕೇ ಒಗ್ಗಿದ ರೇಡಿಯೋ ಮನೆಗಳ ಓದುಗರಿಗೆ ಬಣ್ಣದ ವಿಚಾರ ಹೇಳಹೊರಟಿರುವುದು ಸಾಹಸವೇ ಸರಿ. ಕಣ್ಣನ್ನು ಕೊಂಚ ಮುಚ್ಚಿಕೊಂಡು ಓದಿದರೆ ಒಳ್ಳೆಯದೆನ್ನೋಣವೆಂದರೆ ಅದೂ ಆಗದು!

ಹೊಲವೆಂದೊಡನೆ ನಮ್ಮ ಹಳಗನ್ನಡ ಕವಿಗಳ ಕಣ್ಣಿಗೆ ಬೀಳುತ್ತಿದ್ದುದು ಬತ್ತದ ಗದ್ದೆ. ಅಲ್ಲಿ ನೀರಿದೆ, ನೀರಿನಲ್ಲಿ ತಾವರೆಯಿದೆ, ತೆನೆಗೆ ಎರಗುವ ಗಿಳಿಯಿದೆ, ಗಿಳಿಯನ್ನು ಸೋವುವ ಹೆಣ್ಣುಮಕ್ಕಳಿದ್ದಾರೆ. ವರ್ಣನೆಗೆ ಬೇಕಾದ ಸಾಮಗ್ರಿಯೆಲ್ಲ ಒಂದೆಡೆ ಸಿದ್ಧವಾಗಿದೆ. ಗೋಧಿಯ ಹೊಲದಲ್ಲಿ ಇದೊಂದೂ ಇಲ್ಲ. ಎಲ್ಲ ಪೈರೂ ಒಂದೇ ಎತ್ತರ, ಒಂದೇ ಬಣ್ಣ. ಕಣ್ಣು ನಿಲ್ಲುವುದಕ್ಕೆ ಒಂದು ಬದುವಿಲ್ಲ, ನೀರಿನ ಮಿಂಚಿಲ್ಲ. ಎದುರಿಗೆ ನಿಂತಾಗ ಮನಸ್ಸು ಹಿಗ್ಗುತ್ತದೆ. ಚೌಕಟ್ಟಿನೊಳಗೆ ಹಿಡಿಯಹೋದರೆ ಹಳದಿಯ ಚಾಪೆಯೊಂದು ಮಾತ್ರ ಉಳಿಯುತ್ತದೆ. ಆದ್ದರಿಂದ ಗೋಧಿಯ ಹೊಲದ ಚೆಲುವು ಸಿದ್ಧವಾಗಿ ದೊರೆಯುವ ವಸ್ತುವಲ್ಲ. ಚಿತ್ರಕಾರ ಅದನ್ನು ಹುಡುಕಿ ತೆಗೆಯಬೇಕು.

ಹಾಗೆ ಹುಡುಕಿದವರಲ್ಲಿ ಪೀಟರ್ ಬ್ರೂಗೆಲ್ ಹಿರಿಯ. ಇಂದಿನ ಬೆಲ್ಜಿಯಂ ಇರುವ ನಾಡಿನವನು. ಆಂಟ್‌ವರ್ಪ್ ಪಟ್ಟಣದ ವರ್ತಕನೊಬ್ಬನ ಮನೆಗಾಗಿ ಋತುಗಳ ಚಿತ್ರಮಾಲೆಯೊಂದನ್ನು 1565ರಲ್ಲಿ ಬರೆದನು. ಅವುಗಳಲ್ಲಿ ಉಳಿದಿರುವುವು ಐದು. ಸುಗ್ಗಿಯ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಹಲಗೆಯ ಮೇಲೆ ಬರೆದ, ಸುಮಾರು ಐದು ಅಡಿ ಅಗಲದ ಚಿತ್ರ. ಅದರಲ್ಲಿ ಗೋಧಿ ಗೋಡೆಯಂತೆ ಎದ್ದು ನಿಂತಿದೆ, ಆಳೆತ್ತರಕ್ಕೆ ಸ್ವಲ್ಪವೇ ಕಡಮೆ. ಒಂದು ಕಡೆ ಉದ್ದ ಹಿಡಿಯ ಕುಡುಗೋಲು ಬೀಸುತ್ತ ಕೊಯ್ಯುವವರು. ಅವರ ಹಿಂದೆ ಕಟ್ಟಿಟ್ಟ ಸಿವುಡುಗಳು. ಪೈರಿನ ನಡುವೆ ಕೊರೆದ ಓಣಿಯಲ್ಲಿ ಒಬ್ಬ ಹೂಜಿಗಳನ್ನು ಹೊತ್ತು ಮೇಲಕ್ಕೆ ಬರುತ್ತಿದ್ದಾನೆ. ಆ ಒಬ್ಬನಿಂದಲೇ ಬೆಳೆ ಎಷ್ಟು ದಟ್ಟವಾಗಿದೆಯೆಂಬುದು ನಮಗೆ ತಿಳಿಯುವುದು. ಮರದ ಕೆಳಗೆ ಕುಳಿತವರು ರೊಟ್ಟಿ ತಿನ್ನುತ್ತಿದ್ದಾರೆ. ಒಬ್ಬ ಮಾತ್ರ ಕಾಲು ಚಾಚಿ, ಬಾಯಿ ತೆರೆದು ಗಾಢವಾಗಿ ಮಲಗಿದ್ದಾನೆ. ದೂರದಲ್ಲಿ ತುಂಬಿದ ಬಂಡಿ, ಅದರಾಚೆ ಮಬ್ಬಿನಲ್ಲಿ ಕಡಲು, ಹಡಗುಗಳು.

ಈ ಚಿತ್ರದಲ್ಲಿ ಕಥಾನಾಯಕನಿಲ್ಲ. ಅದಕ್ಕೆ ಮುಂಚೆ ಯುರೋಪಿನಲ್ಲಿ ಹೊಲಗದ್ದೆಗಳೆಲ್ಲ ಬಹುಮಟ್ಟಿಗೆ ದೇವತಾಕಥೆಗೋ ಅರಸರ ಪ್ರಾರ್ಥನಾಗ್ರಂಥಗಳ ಅಂಚಿಗೋ ಹಿನ್ನೆಲೆಯಾಗಿ ಬರುತ್ತಿದ್ದುವು. ಬ್ರೂಗೆಲ್ ಹೊಲವನ್ನೇ ಮುಂದಕ್ಕೆ ತಂದನು. ನಮ್ಮ ಹುಡುಗ ಇದನ್ನು ನೋಡಿದ್ದರೆ ಕೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ: ಎಷ್ಟು ಕೊಯ್ದಾಗಿದೆ, ಎಷ್ಟು ಉಳಿದಿದೆ, ಎಷ್ಟು ಹೊತ್ತಾಗಿದೆ ಎಂಬ ಲೆಕ್ಕವೆಲ್ಲ ಅಲ್ಲಿಯೇ ಇದೆ. ಮಲಗಿರುವವನ ದೇಹದ ಭಾರವನ್ನು ನೋಡಿದರೆ ಮಧ್ಯಾಹ್ನದ ಬಿಸಿಲು ನಮ್ಮ ಬೆನ್ನಿಗೆ ತಾಗುತ್ತದೆ. ಹಳದಿಯ ಬಣ್ಣಕ್ಕೆ ಬೆಲೆ ಬಂದಿರುವುದು ಈ ದಣಿವಿನಿಂದ.

ಬ್ರೂಗೆಲ್ ಬೆಳೆಯ ಸಮೃದ್ಧಿಯನ್ನು ಬರೆದರೆ, ಸುಮಾರು ಮುನ್ನೂರು ವರ್ಷಗಳ ಅನಂತರ ಫ್ರಾನ್ಸಿನ ಮಿಲೆ ಬೆಳೆ ಹೋದ ಮೇಲಿನ ಹೊಲವನ್ನು ಬರೆದನು. 1857ರಲ್ಲಿ ಪ್ರದರ್ಶಿತವಾದ ಆ ಚಿತ್ರಕ್ಕೆ ಕನ್ನಡದಲ್ಲಿ ಹೆಸರು ಹುಡುಕಬೇಕಾಗಿಯೇ ಇಲ್ಲ. ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆಗೆ ನಮ್ಮಲ್ಲಿ 'ಹಕ್ಕಲು' ಎನ್ನುತ್ತಾರೆ. ಅದನ್ನು ಆಯುವ ಬಡವರು ಹಕ್ಕಲಾಯುವವರು. ಸಂಸ್ಕೃತದಲ್ಲಿ ಇದಕ್ಕೆ ಇನ್ನೂ ಸೂಕ್ಷ್ಮವಾದ ಭೇದವಿದೆ: ಬಿಡಿ ಕಾಳನ್ನು ಆಯುವುದು ಉಂಛ, ತೆನೆಯನ್ನು ಆಯುವುದು ಶಿಲ. ಧರ್ಮರಾಯನ ಅಶ್ವಮೇಧಕ್ಕಿಂತ ಉಂಛವೃತ್ತಿಯ ಬಡ ಬ್ರಾಹ್ಮಣನೊಬ್ಬನು ಅತಿಥಿಗಿತ್ತ ಹಿಟ್ಟೇ ದೊಡ್ಡದೆಂದು ಮುಂಗುಸಿ ಹೇಳುವ ಮಹಾಭಾರತದ ಕಥೆಯನ್ನು ಓದುಗರು ಬಲ್ಲರು. ಪ್ಯಾರಿಸ್ಸಿನ ರಸಿಕರಿಗೆ ಆ ಮುಂಗುಸಿಯ ಪರಿಚಯವಿರಲಿಲ್ಲವೆಂದು ತೋರುತ್ತದೆ.

ಮಿಲೆಯ ಚಿತ್ರದಲ್ಲಿ ಮೂವರು ಹೆಂಗಸರು. ಇಬ್ಬರು ಪೂರ್ತಿಯಾಗಿ ಬಾಗಿದ್ದಾರೆ. ಮೂರನೆಯವಳು ಅರ್ಧ ಬಾಗಿದ್ದಾಳೆ. ಮುಖಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಕಾಣುವುದು ಬೆನ್ನು, ಕೈ, ಮುಷ್ಟಿಯಲ್ಲಿ ಹಿಡಿದ ನಾಲ್ಕಾರು ತೆನೆ. ಹೊಂಬಣ್ಣವೆಲ್ಲ ಹಿಂದೆ, ದೂರದಲ್ಲಿದೆ: ಅಲ್ಲಿ ದೊಡ್ಡ ದೊಡ್ಡ ಮೆದೆಗಳು, ಹೇರಿದ ಬಂಡಿ, ಕುದುರೆಯ ಮೇಲೆ ಕುಳಿತು ನೋಡಿಕೊಳ್ಳುವ ಮೇಲ್ವಿಚಾರಕ. ಮುಂದೆ, ಈ ಹೆಂಗಸರ ಪಾಲಿಗೆ, ಬರಿಯ ಕೂಳೆ. 1848ರ ಕ್ರಾಂತಿ ಇನ್ನೂ ಮರೆಯಾಗಿರದ ಕಾಲ. ಈ ಮೂವರ ಹಿಂದೆ 1793ರ ವಧಾಸ್ತಂಭಗಳೇ ಕಾಣುತ್ತವೆಂದು ವಿಮರ್ಶಕನೊಬ್ಬ ಬೆದರಿದ. ಹಕ್ಕಲಾಯುವ ಬಡವರನ್ನು ಕಂಡು ಉಳ್ಳವರು ಹೆದರುವಷ್ಟು ಶಕ್ತಿ ಒಂದು ಚಿತ್ರಕ್ಕೆ ಬಂದಿತೆಂದರೆ ಅದರ ಚೆಲುವು ಅಲಂಕಾರವಲ್ಲವೆಂದಾಯಿತು. ಮಿಲೆ ರೈತರ ಮನೆಯಲ್ಲಿ ಹುಟ್ಟಿ ಹೊಲದಲ್ಲಿ ದುಡಿದು ಬೆಳೆದವನು. ನನ್ನ ಹುಡುಗನಿಗೆ ಸಜಾತೀಯ ಕಣ್ಣು ಅವನದು.

ಮೊನೆ ಎಂಬ ಚಿತ್ರಕಾರನ ಮೆದೆಗಳ ಚಿತ್ರಗಳು ಜಗತ್ಪ್ರಸಿದ್ಧವಾದುವು. ಇವನ್ನು ಹುಲ್ಲಿನ ಬಣವೆಗಳೆಂದು ಕರೆಯುವ ರೂಢಿಯುಂಟು, ಅದು ತಪ್ಪು. ಅವು ಒಕ್ಕದೆ ಉಳಿದ ಗೋಧಿಯ ಸಿವುಡುಗಳ ಮೆದೆಗಳು. ಒಕ್ಕುವ ಯಂತ್ರ ಊರಿಂದೂರಿಗೆ ಹೋಗುತ್ತಿದ್ದುದರಿಂದ ಸರದಿ ಬರುವ ತನಕ ತಿಂಗಳುಗಟ್ಟಲೆ ಮೆದೆ ಹೊಲದಲ್ಲಿ ನಿಲ್ಲುತ್ತಿತ್ತು. ಜಿವೆರ್ನಿ ಗ್ರಾಮದ ತನ್ನ ಮನೆಯ ಬಳಿಯಲ್ಲಿಯೇ ನಿಂತಿದ್ದ ಅವನ್ನು ಮೊನೆ 1890-91ರಲ್ಲಿ ಬೆಳಗ್ಗೆ, ಸಂಜೆ, ಮಂಜಿನಲ್ಲಿ, ಹಿಮದಲ್ಲಿ ಮತ್ತೆ ಮತ್ತೆ ಬರೆದನು. ಬೆಳಕು ಬದಲಾದರೆ ಕ್ಯಾನ್ವಾಸನ್ನೇ ಬದಲಿಸುವನು! ನೆರಳೆಂದರೆ ಕಪ್ಪಲ್ಲ, ಹಳದಿಯ ವಸ್ತುವಿನ ನೆರಳಿನಲ್ಲಿ ನೇರಿಳೆಯೂ ನೀಲಿಯೂ ಅಡಗಿರುತ್ತವೆ ಎಂಬುದನ್ನು ಅವನಿಂದ ಲೋಕ ಕಲಿಯಿತು. 2019ರಲ್ಲಿ ಈ ಮಾಲೆಯ ಒಂದು ಚಿತ್ರ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಮೀರಿ ಮಾರಾಟವಾಯಿತು. ಒಂದು ಮೆದೆಯ ಗೋಧಿಗೆ ಯಾವ ರೈತನೂ ಇಷ್ಟು ಬೆಲೆ ಕಂಡಿಲ್ಲ.

ಆದರೆ ಗೋಧಿಯೆಂದರೆ ಬಹು ಜನರಿಗೆ ಮೊದಲು ನೆನಪಾಗುವ ಹೆಸರು ವಾನ್ ಗೋ. 1889ರ ಮೇ ತಿಂಗಳಲ್ಲಿ ಅವನು ತಾನಾಗಿಯೇ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯವನ್ನು ಸೇರಿದನು. ಸರಳು ಹಾಕಿದ ಕಿಟಕಿಯಿಂದ ಕಾಣುತ್ತಿದ್ದುದು ಸುತ್ತ ಗೋಡೆಯಿದ್ದ ಒಂದು ಗೋಧಿಯ ಹೊಲ. ಒಂದು ವರ್ಷ ಕಾಲ ಅದೇ ಅವನ ಲೋಕ. ಪೈರು ಹಸುರಾಗಿದ್ದಾಗ, ಮಾಗಿದಾಗ, ಮಳೆಯಲ್ಲಿ ತೊಯ್ದಾಗ ಅದನ್ನು ಚಿತ್ರಿಸಿದನು. ಅಲ್ಲಿ ಕೊಯ್ಯುತ್ತಿರುವ ಒಬ್ಬ ಒಂಟಿ ಆಳಿನ ಚಿತ್ರವೊಂದಿದೆ. ಉರಿಯುವ ಹಳದಿಯಲ್ಲಿ ಮನುಷ್ಯ ಗೀರುಗಳಷ್ಟೇ ಆಗಿದ್ದಾನೆ. ಆ ಕೊಯ್ಯುವವನಲ್ಲಿ ತಾನು ಮೃತ್ಯುವನ್ನು ಕಂಡೆನೆಂದೂ, ಮನುಷ್ಯರೇ ಆ ಗೋಧಿಯೆಂದೂ, ಆದರೆ ಈ ಸಾವಿನಲ್ಲಿ ದುಃಖವಿಲ್ಲ, ಎಲ್ಲವೂ ಹೊಂಬಿಸಿಲಿನಲ್ಲಿಯೇ ನಡೆಯುತ್ತದೆಂದೂ ತಮ್ಮನಾದ ಥಿಯೋನಿಗೆ ಕಾಗದ ಬರೆದನು.

ಮರುವರ್ಷ ಪ್ಯಾರಿಸ್ಸಿಗೆ ಹತ್ತಿರದ ಓವೆರ್ ಗ್ರಾಮಕ್ಕೆ ಬಂದು, ಜುಲೈ ತಿಂಗಳಲ್ಲಿ ಕಾಗೆಗಳು ಹಾರುವ ಗೋಧಿಯ ಹೊಲವನ್ನು ಬರೆದನು. ಎತ್ತರದ ಎರಡರಷ್ಟು ಅಗಲವಾದ ಪಟ. ಕರಿನೀಲಿಯ ಆಕಾಶ, ಕೆಳಗೆ ಹೊಯ್ದಾಡುವ ಹಳದಿ, ನಡುವಿನ ಕೆಮ್ಮಣ್ಣಿನ ದಾರಿ ಹೊಲದೊಳಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಜುಲೈ 29, 1890ರಂದು ಅವನು ತೀರಿಕೊಂಡನು. ಇದೇ ಅವನ ಕೊನೆಯ ಚಿತ್ರವೆಂದು ಹೇಳುವ ವಾಡಿಕೆಯುಂಟು. ಕೊನೆಯದು ಮರದ ಬೇರುಗಳ ಚಿತ್ರವೆಂಬುದು ಈಗಿನ ವಿದ್ವಾಂಸರ ಅಭಿಪ್ರಾಯ. ಅಲ್ಲದೆ, ಆ ದಿನಗಳಲ್ಲಿ ಬರೆದ ಗೋಧಿಯ ಹೊಲಗಳಲ್ಲಿ ತನ್ನ ಒಂಟಿತನದ ಜೊತೆಗೆ ಹಳ್ಳಿಗಾಡಿನ ಆರೋಗ್ಯವನ್ನೂ ಬಲವನ್ನೂ ತೋರಿಸಬೇಕೆಂದಿದ್ದೇನೆಂದು ಅವನೇ ಬರೆದಿಟ್ಟಿದ್ದಾನೆ. ಕಾಗೆಗಳನ್ನು ಕಂಡೊಡನೆ ಕಣ್ಣೀರು ಹಾಕುವವರು ಈ ಮಾತನ್ನು ಮರೆಯುತ್ತಾರೆ.

ಇನ್ನೊಂದು ಸಂಗತಿ. ವಾನ್ ಗೋ ಬಳಸಿದ ಹಳದಿ ಸೀಸ ಮತ್ತು ಕ್ರೋಮಿಯಂ ಸೇರಿದ ಬಣ್ಣ. ಅದರ ಕೆಲವು ಬಗೆಗಳು ಬೆಳಕಿಗೆ ಬಿದ್ದರೆ ಕಾಲಕ್ರಮದಲ್ಲಿ ಕಂದುತ್ತವೆ. ಇದರ ರಾಸಾಯನಿಕ ಕಾರಣವನ್ನು 2011ರಲ್ಲಿ ಎಕ್ಸ್-ಕಿರಣಗಳ ಪರೀಕ್ಷೆಯಿಂದ ವಿಜ್ಞಾನಿಗಳು ಕಂಡುಹಿಡಿದರು. ಬಿಸಿಲಿನಲ್ಲಿ ಮಾಗುವ ಪೈರಿನಂತೆ ಬಿಸಿಲನ್ನು ಬರೆದ ಬಣ್ಣವೂ ಬೆಳಕಿಗೆ ಮಾಗುತ್ತಿದೆ.

ಕ್ಯಾಮರಾದ ಮುಂದೆ ಗೋಧಿ ಇನ್ನೂ ಮೊಂಡು ಹಿಡಿಯಿತು. ಮೊದಮೊದಲ ಛಾಯಾಫಲಕಗಳಿಗೆ ನೀಲಿ ಮತ್ತು ನೇರಿಳೆಯ ಬೆಳಕು ಮಾತ್ರ ತಾಗುತ್ತಿತ್ತು, ಹಳದಿ ತಾಗುತ್ತಿರಲಿಲ್ಲ. ಪರಿಣಾಮವಾಗಿ ಆಕಾಶ ಬೆಳ್ಳಗೆ ಬೋಳಾಗಿ, ಹೊಳೆಯುವ ಗೋಧಿ ಕಪ್ಪಾಗಿ ಮೂಡುತ್ತಿತ್ತು. ಕಣ್ಣು ಕಂಡದ್ದಕ್ಕೆ ತೀರ ವಿರುದ್ಧ. ಫಲಕಕ್ಕೆ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಅದು ಬೇರೆ ಬಣ್ಣಗಳಿಗೂ ಸ್ಪಂದಿಸುವುದೆಂದು 1873ರಲ್ಲಿ ಜರ್ಮನಿಯ ಫೋಗೆಲ್ ಕಂಡುಕೊಂಡ ಮೇಲೆ ಈ ಅನ್ಯಾಯ ಕ್ರಮೇಣ ತಪ್ಪಿತು. ಮಸೂರದ ಮುಂದೆ ಹಳದಿಯ ಗಾಜೊಂದನ್ನಿಟ್ಟರೆ ಅದು ನೀಲಿಯನ್ನು ತಡೆಯುತ್ತದೆ: ಆಕಾಶ ಕಪ್ಪೇರುತ್ತದೆ, ಮೋಡಗಳು ಎದ್ದು ಕಾಣುತ್ತವೆ, ಗೋಧಿ ಬೆಳಗುತ್ತದೆ. 1907ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸೋದರರು ಮಾರುಕಟ್ಟೆಗೆ ತಂದ ಬಣ್ಣದ ಫಲಕಗಳದು ತಮಾಷೆಯ ಕಥೆ. ಅವುಗಳಲ್ಲಿ ಬಣ್ಣವನ್ನು ಬೇರ್ಪಡಿಸುತ್ತಿದ್ದುದು ಬಣ್ಣ ಹಾಕಿದ ಆಲೂಗಡ್ಡೆಯ ಪಿಷ್ಟದ ಕಣಗಳು. ಗೋಧಿಯ ಹೊಂಬಣ್ಣವನ್ನು ಹಿಡಿಯಲು ಆಲೂಗಡ್ಡೆಯೇ ಬೇಕಾಯಿತು.

ಈಗ ಜೇಬಿನ ಫೋನಿನಲ್ಲಿಯೇ ಬಣ್ಣ ಸಿಕ್ಕುತ್ತದೆ. ಆದರೆ ಚೆಲುವು ಸಿಕ್ಕೀತೆಂಬ ಭರವಸೆಯಿಲ್ಲ. ಧಾರವಾಡ, ವಿಜಯಪುರಗಳ ಎರೆಭೂಮಿಯಲ್ಲಿ ಹಿಂಗಾರಿಯ ಗೋಧಿ ಫೆಬ್ರವರಿಯ ಸುಮಾರಿಗೆ ಮಾಗುತ್ತದೆ. ಚಿತ್ರ ತೆಗೆಯುವ ಮನಸ್ಸುಳ್ಳವರು ಅಲ್ಲಿಗೆ ನಡುಮಧ್ಯಾಹ್ನ ಹೋಗಬಾರದು. ಆಗ ನೆರಳು ಬುಡದಲ್ಲಿ ಅಡಗಿ, ನಾನು ಹೇಳಿದ ಚಾಪೆಯೇ ಬರುತ್ತದೆ. ಬೆಳಗಿನ ಇಲ್ಲವೆ ಇಳಿಹೊತ್ತಿನ ಅಡ್ಡಬಿಸಿಲಿನಲ್ಲಿ ತೆನೆತೆನೆಗೂ ತನ್ನದೇ ನೆರಳಿರುತ್ತದೆ, ಮೀಸೆಯ ಎಳೆಯೆಳೆಯೂ ಹೊಳೆಯುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳದೆ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಗಾಳಿ ಬೀಸುತ್ತಿದ್ದರೆ ಮಸೂರದ ಬಾಗಿಲನ್ನು ಅರೆಗಳಿಗೆ ಹೆಚ್ಚು ತೆರೆದಿಡಬೇಕು. ಕ್ಯಾಮರಾ ಅಲುಗಬಾರದು, ಹೊಲ ಮಾತ್ರ ಅಲೆಯಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ಹುಡುಗರಿಗೆ ಇನ್ನೊಂದು ಛಾಯಾಚಿತ್ರವನ್ನು ತೋರಿಸಿದೆ. ಅದರಲ್ಲಿ ಗೋಧಿಯೇ ಇಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿದಾಗ ಅಮೆರಿಕದ ದಕ್ಷಿಣ ಬಯಲುಸೀಮೆಯಲ್ಲಿ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತುವ ಆತುರ ಹಬ್ಬಿತು. ಟ್ರಾಕ್ಟರು ಬಂದ ಮೇಲೆ ಅದು ಇನ್ನೂ ಹೆಚ್ಚಿತು. ಮಣ್ಣನ್ನು ಹಿಡಿದುಕೊಂಡಿದ್ದ ಹುಲ್ಲಿನ ಬೇರು ಹೋಯಿತು. 1930ರ ದಶಕದಲ್ಲಿ ಬೆಲೆ ಕುಸಿಯಿತು, ಮಳೆ ಕೈಕೊಟ್ಟಿತು, ಬಿತ್ತಿದ್ದು ಮೊಳೆಯಲಿಲ್ಲ. ಬೋಳು ನೆಲ ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಹಗಲೇ ಇರುಳಾಗುವಂತೆ ಧೂಳು ಕವಿಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸರ್ಕಾರದ ಛಾಯಾಗ್ರಾಹಕ ಆರ್ಥರ್ ರಾತ್‌ಸ್ಟೀನ್ ಒಕ್ಲಹೋಮಾ ರಾಜ್ಯದ ಸಿಮರಾನ್ ಜಿಲ್ಲೆಯಲ್ಲಿ ತೆಗೆದ ಚಿತ್ರವಿದು: ಧೂಳಿನ ಬಿರುಗಾಳಿಯಲ್ಲಿ ತಂದೆ ಬಾಗಿ ನಡೆಯುತ್ತಿದ್ದಾನೆ, ಇಬ್ಬರು ಮಕ್ಕಳಲ್ಲಿ ಕಿರಿಯವನು ಕಣ್ಣಿಗೆ ತೋಳು ಅಡ್ಡ ಹಿಡಿದು ಹಿಂದೆ ಬರುತ್ತಿದ್ದಾನೆ, ಪಕ್ಕದಲ್ಲಿ ಒಂದು ಗುಡಿಸಲು ಮಣ್ಣಿನಲ್ಲಿ ಹೂತುಹೋಗುತ್ತಿದೆ.

ಹುಡುಗರು ಈ ಬಾರಿ ನಗಲಿಲ್ಲ. ನವಲಗುಂದದ ಹುಡುಗ ಹತ್ತಿರ ಬಂದು ಬಹಳ ಹೊತ್ತು ನೋಡಿ, "ಇಲ್ಲಿ ಏನ ಬಿತ್ತಿದ್ರರಿ ಗುರುಗಳ?" ಎಂದ.

"ಗೋಧಿ" ಎಂದೆ.

ಅವನು ತಲೆಯಾಡಿಸಿ ಹೋಗಿ ಕುಳಿತುಕೊಂಡ.