ಡಿಕ್ಕಿಯಡಿಯ ಟ್ಯಾಂಕು

ಭಾರತದಲ್ಲಿ ಡೀಸೆಲ್ ಎಂಜಿನ್ ಪಡೆದ ಮೊದಲ ಕಾರು ಅಂಬಾಸಿಡರ್. 1489 ಸಿಸಿಯ ಆ ಎಂಜಿನ್ ಓಟದಲ್ಲಿ ನಿಧಾನ, ಬಾಳಿಕೆಯಲ್ಲಿ ಗಟ್ಟಿ. ಅಂಬಾಸಿಡರ್ ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಅಳಿದುಳಿದ ಗಾಡಿಗಳು ಇನ್ನೂ ಓಡುತ್ತಿರುವುದು ಹಳೆಯ ಮೇಸ್ತ್ರಿಗಳ ಕೈಗುಣದಿಂದ. ಅವರ ಕೆಲಸಗಳಲ್ಲಿ ಯಾರ ಕಣ್ಣಿಗೂ ಬೀಳದ್ದು ಡೀಸೆಲ್ ಟ್ಯಾಂಕ್ ಬದಲಿಸುವುದು.

ಏರಿನಲ್ಲಿ ಗಾಡಿ ಮುಗ್ಗರಿಸಿ ನಿಲ್ಲುತ್ತದೆ. ತುಸು ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಹೊಸ ಫಿಲ್ಟರ್ ಹಾಕಿದರೆ ನಾಲ್ಕು ದಿನ ಸುಖ, ಆಮೇಲೆ ಅದೇ ಪಾಡು. ರೋಗ ಇರುವುದು ಟ್ಯಾಂಕಿನ ತಳದಲ್ಲಿ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ರಾತ್ರಿಯ ತಂಪಿಗೆ ತಗಡಿನ ಮೇಲೆ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರಿ ತುಕ್ಕು ಹಿಡಿಸುತ್ತದೆ. ನೀರೂ ಡೀಸೆಲ್ಲೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಇಂಜೆಕ್ಷನ್ ಪಂಪು, ನಾಜಲ್‌ಗಳ ಒಳಭಾಗಕ್ಕೆ ಡೀಸೆಲ್ಲೇ ಜಾರೆಣ್ಣೆ. ಅದರಲ್ಲಿ ತುಕ್ಕಿನ ಪುಡಿ ಸೇರಿದರೆ ಟ್ಯಾಂಕಿಗಿಂತ ದುಬಾರಿಯ ಭಾಗಗಳೇ ಸವೆಯುತ್ತವೆ.

ಬೆಂಗಳೂರಿನವರು ಬದಲಿ ಟ್ಯಾಂಕಿಗೆ ಜೆ.ಸಿ. ರಸ್ತೆಯ ಅಂಗಡಿಗಳನ್ನು, ಶಿವಾಜಿನಗರದ ಗುಜರಿಯನ್ನು ಜಾಲಾಡುತ್ತಾರೆ. ಸಿಗದಿದ್ದರೆ ತಗಡಿನಲ್ಲಿ ಮಾಡಿಸಬಹುದು. ಆದರೆ ಸತು ಲೇಪಿಸಿದ ತಗಡು ಬೇಡವೇ ಬೇಡ. ಸತು ಡೀಸೆಲ್‌ನೊಂದಿಗೆ ಬೆರೆತು ನಾಜಲ್ ಕಟ್ಟಿಸುತ್ತದೆ. ಹಳೆಯದಕ್ಕೇ ತೇಪೆ ಹಾಕಿಸುವ ಆಸೆಯೂ ಅಪಾಯಕಾರಿ: ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಅದು ಸಿಡಿಯಬಲ್ಲದು.

ಬಲ್ಲವರು ಮೊದಲು ಬ್ಯಾಟರಿ ತಂತಿ ಕಳಚಿ, ಡೀಸೆಲ್ ಪೂರ್ತಿ ಇಳಿಸುತ್ತಾರೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರುತ್ತಾರೆ. ಎಂಜಿನ್ನಿಗೆ ಹೋಗುವ ಪೈಪು, ಮಿಕ್ಕ ಡೀಸೆಲ್ ಹಿಂದಿರುಗುವ ಪೈಪು ಎರಡೂ ಇದ್ದಲ್ಲಿ ಗುರುತು ಕಟ್ಟುತ್ತಾರೆ. ಅವು ಅದಲುಬದಲಾದರೆ ಪಂಪು ಗಾಳಿ ಎಳೆಯಬಹುದು. ಹಳೆಯ ಪೈಪುಗಳನ್ನು ಊದಿ ಚೊಕ್ಕ ಮಾಡದೆ ಹೊಸ ಟ್ಯಾಂಕ್ ಕೂರಿಸುವವರೂ ಇದ್ದಾರೆ. ಅಂಥ ಕೆಲಸಕ್ಕೆ ಕೊಟ್ಟ ಹಣ ದಂಡ.

ನಿಜವಾದ ತಾಳ್ಮೆ ಬೇಕಾಗುವುದು ಕೊನೆಗೆ, ಏರ್ ತೆಗೆಯುವಾಗ, ಅಂದರೆ ಪೈಪುಗಳಲ್ಲಿ ಸೇರಿದ ಗಾಳಿ ಹೊರಹಾಕುವಾಗ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಇರಬೇಕು. ಮೊದಲು ಬುರುಗು, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಬಳಿಕ ಇಂಜೆಕ್ಷನ್ ಪಂಪಿನ ಸ್ಕ್ರೂ, ನಾಜಲ್ ನಟ್ಟುಗಳ ಸರದಿ. ಆತುರಪಟ್ಟು ಸ್ಟಾರ್ಟರ್ ತಿರುಗಿಸುತ್ತಲೇ ಇದ್ದರೆ ಬ್ಯಾಟರಿ ಇಳಿಯುತ್ತದೆಯೇ ಹೊರತು ಗಾಡಿ ಹೊರಡುವುದಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಡೀಸೆಲ್ ಕಾರು ಇದ್ದು ಪದೇ ಪದೇ ಫಿಲ್ಟರ್ ಕಟ್ಟುತ್ತಿದ್ದರೆ, ಇನ್ನೊಂದು ಫಿಲ್ಟರ್ ಕೊಳ್ಳುವ ಮೊದಲು ಟ್ಯಾಂಕ್ ಇಳಿಸಿ ನೋಡಿಸಿ.