ಊರ ತಳಿಗೆ ಊರ ಅಂಗಡಿ

ಮೇ ತಿಂಗಳಲ್ಲಿ ಅಂಕೋಲೆಯ ಹೆದ್ದಾರಿ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಿಟ್ಟು ಮಾರುವ ಕರಿ ಈಶಾಡು ಮಾವಿನ ಹಣ್ಣು ದೂರದ ನಗರಗಳ ಸೂಪರ್ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ರುಚಿಯಲ್ಲಿ ಅದು ಆಪೂಸಿಗೆ ಸೋಲುವ ಹಣ್ಣಲ್ಲ. ಅದರ ತೊಡಕೆಂದರೆ ಹಣ್ಣಾದ ಮೇಲೆ ಹೆಚ್ಚು ದಿನ ತಡೆಯುವುದಿಲ್ಲ, ಲಾರಿಯಲ್ಲಿ ಕುಲುಕಾಡಿದರೆ ಕೆಡುತ್ತದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿತು; ಸಂತೋಷದ ಸಂಗತಿಯೇ. ಆದರೆ ಆ ಮಾನ್ಯತೆ ಹಣ್ಣಿನ ಹೆಸರನ್ನು ಕಾಯುತ್ತದೆಯೇ ಹೊರತು ಹಣ್ಣನ್ನು ಮಾರಿಕೊಡುವುದಿಲ್ಲ. ಮಾರಿಕೊಡುವುದು ಆ ಬುಟ್ಟಿ. ನಮ್ಮೂರ ಬೆಳೆ ಎಂದು ಹೆಮ್ಮೆಪಡುವ ಎಷ್ಟೋ ತಳಿಗಳು ಇಂದಿಗೂ ಹೊಲ, ತೋಟಗಳಲ್ಲಿ ಉಳಿದಿರುವುದಕ್ಕೆ ಅವನ್ನು ಅಂದಂದೇ ಮಾರಿ ಮುಗಿಸುವ ಸಣ್ಣ ಅಂಗಡಿ, ಸಂತೆ, ಬುಟ್ಟಿಗಳೇ ದೊಡ್ಡ ಕಾರಣ. ಅವು ಎದ್ದುಹೋದರೆ ತಳಿಯೂ ಹೆಚ್ಚು ಕಾಲ ನಿಲ್ಲದು ಎಂಬುದು ನನ್ನ ವಾದ.

ಇದಕ್ಕೆ ಕಾರಣ ವ್ಯಾಪಾರದ ಲೆಕ್ಕಾಚಾರದಲ್ಲಿಯೇ ಇದೆ. ಹತ್ತಾರು ಊರುಗಳಲ್ಲಿ ಮಳಿಗೆ ನಡೆಸುವವರಿಗೆ ಒಂದೇ ಗಾತ್ರದ, ವರ್ಷವಿಡೀ ಸಿಗುವ, ಶೀತಲ ಗೃಹದಲ್ಲಿ ಬಾಡದ ಮಾಲು ಬೇಕು. ಕೋಲಾರದಿಂದ ಉತ್ತರ ಭಾರತದ ಊರುಗಳವರೆಗೆ ಕ್ರೇಟಿನಲ್ಲಿ ಕೂತು ಹೋಗುವ ಗಟ್ಟಿ ಸಿಪ್ಪೆಯ ಹೈಬ್ರಿಡ್ ಟೊಮೆಟೊ ಈ ಅಗತ್ಯಕ್ಕೆ ತಕ್ಕಂತೆಯೇ ಬಂದದ್ದು. ಸಾವಿರಾರು ರೈತರು ಅದನ್ನು ನಂಬಿ ಬದುಕಿದ್ದಾರೆ, ಅದನ್ನು ಹೀಗಳೆಯುವ ಅಗತ್ಯವಿಲ್ಲ. ಆದರೆ ವರ್ಷದಲ್ಲಿ ಕೆಲವೇ ತಿಂಗಳು, ಅದೂ ದಿನಕ್ಕೆ ಎರಡು ಬುಟ್ಟಿ ಮಾತ್ರ ಬರುವ ತರಕಾರಿಗೆ ಅಂಥ ವ್ಯವಸ್ಥೆಯಲ್ಲಿ ಜಾಗವಿಲ್ಲ. ಸಣ್ಣ ಅಂಗಡಿಗೆ ಆ ಎರಡು ಬುಟ್ಟಿಯೇ ಸಾಕು. ಸಂಜೆಯೊಳಗೆ ಖಾಲಿ, ಮುಂದಿನ ತಿಂಗಳು ಅದೇ ಜಾಗದಲ್ಲಿ ಬೇರೊಂದು ಕಾಯಿ.

ಉಡುಪಿಯ ಮಟ್ಟುಗುಳ್ಳವನ್ನು ನೋಡಿ. ಕಟಪಾಡಿ ಬಳಿಯ ಮಟ್ಟು ಗ್ರಾಮದ ಗದ್ದೆಗಳಲ್ಲಿ ಬೆಳೆಯುವ ಬದನೆ ಇದು. ಸೋದೆಯ ವಾದಿರಾಜರು ಬೀಜ ಕೊಟ್ಟರೆಂಬುದು ಅಲ್ಲಿನವರ ನಂಬಿಕೆ. ಕೃಷ್ಣಮಠದ ಅಡುಗೆಗೂ ಇದಕ್ಕೂ ಇರುವ ನಂಟು ಇವತ್ತಿನದಲ್ಲ. ದುಂಡನೆಯ ಹಸಿರು ಮೈ, ಮೇಲೆ ಬಿಳಿಯ ಗೆರೆಗಳು, ತೊಟ್ಟಿನಲ್ಲಿ ಬೆರಳಿಗೆ ಚುಚ್ಚುವ ಮುಳ್ಳು, ತೆಳ್ಳನೆಯ ಸಿಪ್ಪೆ. 2011ರಲ್ಲಿ ಇದಕ್ಕೂ ಭೌಗೋಳಿಕ ಮಾನ್ಯತೆ ಬಂತು. ಬೇರೆಡೆಯ ದುಂಡು ಬದನೆ ಇದೇ ಹೆಸರಿನಲ್ಲಿ ಮಾರಾಟವಾಗತೊಡಗಿದಾಗ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸುವ ದಾರಿ ಹಿಡಿದರು. ಸ್ಟಿಕ್ಕರ್ ಉಪಯೋಗಕ್ಕೆ ಬರುತ್ತದೆ ನಿಜ, ಆದರೆ ಅದನ್ನು ಹುಡುಕಿ ಕೊಳ್ಳುವ ಗಿರಾಕಿ ಮೊದಲು ಹುಟ್ಟಬೇಕಲ್ಲ! ಆ ಗಿರಾಕಿ ಹುಟ್ಟುವುದು ಅಂಗಡಿಯ ಮುಂದೆ. ಈ ಕಾಯಿ ಎಳೆಯದು, ಹುಳಿಗೆ ಹಾಕಿ. ಅದು ಬಲಿತಿದೆ, ಸುಟ್ಟು ಗೊಜ್ಜು ಮಾಡಿ. ಗುಳ್ಳ ಇನ್ನು ಎರಡು ವಾರ ಬರುತ್ತದೆ, ಆಮೇಲಿಲ್ಲ. ತಕ್ಕಡಿ ಹಿಡಿದವರ ಬಾಯಿಂದ ಬರುವ ಇಂಥ ಮಾತುಗಳೇ ಹೊಸದಾಗಿ ಸಂಸಾರ ಹೂಡಿದವರಿಗೆ ತಳಿಯ ಪರಿಚಯ ಮಾಡಿಸುವುದು. ‘ದುಂಡು ಬದನೆ, 500 ಗ್ರಾಂ’ ಎಂದಷ್ಟೇ ತೋರಿಸುವ ಮೊಬೈಲ್ ಪರದೆಯಲ್ಲಿ ಮಟ್ಟುಗುಳ್ಳಕ್ಕೂ ಊರು ಪೇರು ಇಲ್ಲದ ಬದನೆಗೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ತಿಳಿಯದವರು ಹೆಚ್ಚು ದುಡ್ಡನ್ನೇಕೆ ಕೊಡುತ್ತಾರೆ? ದುಡ್ಡು ಬರದಿದ್ದರೆ ರೈತ ಆ ಬೀಜವನ್ನೇಕೆ ಎತ್ತಿಡುತ್ತಾನೆ?

ಊರ ಆಹಾರದ ಪರ ಮಾತನಾಡುವವರು ಸಾಮಾನ್ಯವಾಗಿ ದೂರದ ಲೆಕ್ಕ ಮುಂದಿಡುತ್ತಾರೆ: ಲಾರಿ ಕಡಿಮೆ ಓಡಿದರೆ ಹೊಗೆ ಕಡಿಮೆ ಎಂದು. ಈ ವಾದ ಅವರು ಎಣಿಸಿದಷ್ಟು ಗಟ್ಟಿಯಲ್ಲ. ಅಮೆರಿಕದ ಆಹಾರವನ್ನು ಕುರಿತು 2008ರಲ್ಲಿ ವೆಬರ್ ಮತ್ತು ಮ್ಯಾಥ್ಯೂಸ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಸಿರುಮನೆ ಅನಿಲಗಳಲ್ಲಿ ಸಾಗಾಟದ ಪಾಲು ಸುಮಾರು ಶೇ 11. ಹೆಚ್ಚಿನದು ಬೆಳೆಸುವ, ಉತ್ಪಾದಿಸುವ ಹಂತದ್ದೇ. ನಮ್ಮ ಅಡುಗೆಮನೆಯೂ ಎಂದೂ ಬೇಲಿಯೊಳಗೆ ಬದುಕಿದ್ದಲ್ಲ. ಉಡುಪಿಯ ಗುಳ್ಳದ ಹುಳಿಗೆ ಬಣ್ಣ ಬರಬೇಕಾದರೆ ಹಾವೇರಿ ಕಡೆಯ ಬ್ಯಾಡಗಿ ಮೆಣಸು ಬೇಕು, ಕರಾವಳಿಯ ಸಾರಿಗೆ ಕಲಬುರಗಿಯ ತೊಗರಿ ಹೋಗಬಹುದು. ಬ್ಯಾಡಗಿ ಮೆಣಸು ದೂರ ಹೋಗಿ ಹೆಸರು ಮಾಡಿದ್ದು ಒಣಗಿಸಿ ಇಡಬಹುದಾದ ಕಾರಣಕ್ಕೆ. ಹಸಿಯಾಗಿಯೇ ತಿನ್ನಬೇಕಾದ, ಬೇಗ ಬಾಡುವ ಬೆಳೆಗಳಿಗೆ ಆ ಅನುಕೂಲವಿಲ್ಲ. ಪಕ್ಕದ ಅಂಗಡಿಯ ಆಸರೆ ಬೇಕಿರುವುದು ಅವಕ್ಕೆ.

ಬೀದಿಯ ಅಂಗಡಿಯಾತನೂ ಮಾಲು ತರುವುದು ಅದೇ ಎಪಿಎಂಸಿಯಿಂದ ತಾನೇ ಎಂದು ಕೇಳುವವರಿದ್ದಾರೆ. ಬಹುಪಾಲು ಹೌದು. ಅಂಗಡಿ ಸಣ್ಣದಾದ ಮಾತ್ರಕ್ಕೆ ಒಳಗಿರುವುದೆಲ್ಲ ಊರಿನದಾಗದು. ಆದರೆ ಪಕ್ಕದ ಹಳ್ಳಿಯ ರೈತ ಎರಡು ಮೂಟೆ ಅವರೆಕಾಯಿ ಹೊತ್ತು ತಂದರೆ ಅದನ್ನು ತೂಗಿಸಿಕೊಂಡು ಕೈಗೆ ದುಡ್ಡು ಕೊಡುವ ಅವಕಾಶ ಇರುವುದು ಅಲ್ಲಿಯೇ. ಇನ್ನು ವಿಷದ ಪ್ರಶ್ನೆ. ಹತ್ತಿರದಲ್ಲಿ ಬೆಳೆದದ್ದೆಲ್ಲ ಶುದ್ಧವಲ್ಲ. ನಗರದ ಅಂಚಿನಲ್ಲಿ ಕೊಳಚೆ ನೀರು ಹಾಯಿಸಿ ಬೆಳೆದ ಸೊಪ್ಪು ಹತ್ತಿರದ್ದು ಎಂಬ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ. ಅಂಗಡಿಯವರ ಪರಿಚಯ ಪ್ರಯೋಗಾಲಯದ ಪರೀಕ್ಷೆಗೆ ಬದಲಿಯೂ ಅಲ್ಲ. ಆ ಪರೀಕ್ಷೆಯನ್ನು ಸರ್ಕಾರವೇ ಮಾಡಿಸಬೇಕು.

ಸಣ್ಣ ಅಂಗಡಿಯಲ್ಲಿ ಬೆಲೆ ಹೆಚ್ಚು ಎಂಬ ಆಕ್ಷೇಪಕ್ಕೆ ಹಾಪ್‌ಕಾಮ್ಸ್ ಒಳ್ಳೆಯ ಉತ್ತರ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆಯ ಹಿಂದೆ ತೋಟಗಾರಿಕೆಯ ಡಾ. ಎಂ.ಎಚ್. ಮರೀಗೌಡರ ದುಡಿಮೆಯಿದೆ. ರೈತರಿಂದ ನೇರ ಖರೀದಿ, ಬಡಾವಣೆಯ ಮೂಲೆಯಲ್ಲೊಂದು ಪುಟ್ಟ ಮಳಿಗೆ, ಎಲ್ಲರಿಗೂ ಕಾಣುವಂತೆ ದರದ ಪಟ್ಟಿ. ಅದರ ಕುಂದುಕೊರತೆಗಳ ಬಗ್ಗೆ ಬೇಕಾದಷ್ಟು ಹೇಳಬಹುದು. ಆದರೂ ಸಣ್ಣ ಮಳಿಗೆ ಎಂದರೆ ದುಬಾರಿ ಮಳಿಗೆ ಎಂಬ ಮಾತನ್ನು ಅದು ದಶಕಗಳ ಕಾಲ ಸುಳ್ಳು ಮಾಡಿದೆ. ಕಿರಾಣಿ ಅಂಗಡಿಯಲ್ಲಿ ಒಂದೊಂದು ಪೊಟ್ಟಣಕ್ಕೆ ಒಂದೆರಡು ರೂಪಾಯಿ ಹೆಚ್ಚಿರಬಹುದು. ಆದರೆ ಹತ್ತು ರೂಪಾಯಿಗೆ ಬೇಳೆ ಕಟ್ಟಿಕೊಡುವ, ಸಂಬಳದ ದಿನದವರೆಗೆ ಉದ್ರಿ ಬರೆದುಕೊಳ್ಳುವ ಏರ್ಪಾಡು ಕೂಲಿ ಮಾಡಿ ಬದುಕುವವರಿಗೆ ಬೇರೆಲ್ಲಿದೆ?

ಅಂಗಡಿಯೊಂದೇ ಎಲ್ಲವನ್ನೂ ಉಳಿಸುತ್ತದೆ ಎಂದೇನೂ ನಾನು ಹೇಳುತ್ತಿಲ್ಲ. ನಂಜನಗೂಡು ರಸಬಾಳೆಗೆ ಹೆಸರಿತ್ತು, ಗಿರಾಕಿಯೂ ಇದ್ದರು, ಮಾನ್ಯತೆಯೂ ಸಿಕ್ಕಿತು. ಆದರೂ ಪನಾಮಾ ಸೊರಗು ರೋಗ ಮಣ್ಣಿಗೆ ಹೊಕ್ಕು ತೋಟಗಳು ಬರಿದಾದವು. ಅಲ್ಲಿ ವಿಜ್ಞಾನಿಗಳ ಕೆಲಸವೇ ಬೇರೆ. ಮಾರಾಟವಿಲ್ಲದೆ ಸೊರಗುವ ತಳಿಗಳ ವಿಷಯದಲ್ಲಾದರೂ ಪೌರಾಡಳಿತ ಮನಸ್ಸು ಮಾಡಬಹುದು.

ಕಾನೂನು ಆಗಲೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಊರಿನ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕು ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಸಲ್ಲಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ. ರಸ್ತೆ ಅಗಲಿಸುವಾಗ, ಹಳೆಯ ಮಾರುಕಟ್ಟೆ ಕೆಡವಿ ಬಹುಮಹಡಿ ಸಂಕೀರ್ಣ ಕಟ್ಟುವಾಗ ಮೊದಲು ಎದ್ದುಹೋಗುವುದು ಬುಟ್ಟಿ ಇಟ್ಟು ಕೂತವರು. ಹೊಸ ಕಟ್ಟಡದ ಬಾಡಿಗೆ ಅವರ ಕೈಗೆಟುಕುವುದಿಲ್ಲ. ನೆಲಮಟ್ಟದಲ್ಲಿ ಅವರಿಗೊಂದು ಕಾಯಂ ಜಾಗ, ಮಳೆ ಬಿಸಿಲಿಗೆ ಸೂರು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಋತುಮಾನದ ಬೆಳೆ ತಂದ ರೈತರಿಗೆ ಆಯಾ ತಿಂಗಳ ಮಟ್ಟಿಗೆ ಸುಂಕವಿಲ್ಲದ ಕಟ್ಟೆ. ಪುರಸಭೆಯ ಮುಂದಿನ ಬಜೆಟ್ಟಿನಲ್ಲಿ ಇಷ್ಟಕ್ಕೆ ಹಣ ತೆಗೆದಿಟ್ಟಿದ್ದಾರೆಯೇ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ.