ಪ್ರಾಸ ನುಡಿಯುವ ಸಾಕ್ಷ್ಯ

ಅಲೆಕ್ಸಾಂಡರ್ ಪೋಪ್ ಕವಿಯು 1714ರಲ್ಲಿ ವಿಸ್ತರಿಸಿ ಪ್ರಕಟಿಸಿದ ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದಲ್ಲಿ ‘ಒಬೇ’ ಎಂಬ ಮಾತಿಗೆ ‘ಟೀ’ ಎಂಬುದನ್ನು ಪ್ರಾಸವಾಗಿ ಇಟ್ಟಿದ್ದಾನೆ. ತರಗತಿಯಲ್ಲಿ ಇದನ್ನು ಓದಿದ ವಿದ್ಯಾರ್ಥಿ ನಕ್ಕರೆ ಆಶ್ಚರ್ಯವಿಲ್ಲ. ಛಂದಸ್ಸಿನಲ್ಲಿ ಅಷ್ಟು ಕಟ್ಟುನಿಟ್ಟಾದ ಕವಿ ಇಲ್ಲಿ ಎಡವಿದನೇ? ಎಡವಲಿಲ್ಲ. ಆ ಪೇಯವನ್ನು ‘ಟೇ’ ಎಂದು ಉಚ್ಚರಿಸುವ ರೂಢಿ ಅವನ ಕಾಲದಲ್ಲಿತ್ತು.

ನಮ್ಮ ಪ್ರಾಸಕ್ಕೂ ಇಂಗ್ಲಿಷಿನ ಪ್ರಾಸಕ್ಕೂ ಒಂದು ಮುಖ್ಯವಾದ ಅಂತರವಿದೆ. ನಮ್ಮ ಪ್ರಾಚೀನ ಕಾವ್ಯಗಳ ಆದಿಪ್ರಾಸವು ಪಾದದ ಎರಡನೆಯ ಅಕ್ಷರದ ವ್ಯಂಜನವನ್ನು ಹಿಡಿದು ನಿಲ್ಲುತ್ತದೆ. ಅದರೊಡನಿರುವ ಸ್ವರ ಬದಲಾದರೂ ಬಾಧಕವಿಲ್ಲ. ಇಂಗ್ಲಿಷಿನ ಅಂತ್ಯಪ್ರಾಸಕ್ಕಾದರೋ ಒತ್ತು ಬಿದ್ದ ಸ್ವರವೇ ಪ್ರಾಣ. ಅದು ಸರಿದರೆ ಪ್ರಾಸ ಮುರಿಯುತ್ತದೆ.

ಸ್ವರ ಸರಿದದ್ದೂ ನಿಜ. ಸುಮಾರು 1400ರಿಂದ 1700ರವರೆಗಿನ ಅವಧಿಯಲ್ಲಿ ಇಂಗ್ಲಿಷಿನ ದೀರ್ಘಸ್ವರಗಳನ್ನು ನುಡಿಯುವಾಗ ನಾಲಗೆ ಕ್ರಮಕ್ರಮವಾಗಿ ಮೇಲೇರಿತು. ಇನ್ನು ಮೇಲೇರಲು ಎಡೆಯಿಲ್ಲದ ‘ಈ’, ‘ಊ’ಗಳು ಒಡೆದು ‘ಐ’, ‘ಔ’ಗಳಾದವು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೋ ಯೆಸ್ಪರ್‌ಸನ್ನನು ಇದನ್ನು ‘ಮಹಾಸ್ವರಪಲ್ಲಟ’ವೆಂಬ ಅರ್ಥದ ಹೆಸರಿನಿಂದ ಕರೆದನು. 1400ರಲ್ಲಿ ತೀರಿಕೊಂಡ ಚಾಸರನ ಬಾಯಲ್ಲಿ ಇಂದಿನ ‘ನೇಮ್’ ಹೆಚ್ಚುಕಡಮೆ ‘ನಾಮೆ’. ಇಂದಿನ ‘ಹೌಸ್’ ಅಂದು ‘ಹೂಸ್’. ಇತ್ತ 1476ರಲ್ಲಿ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಶಬ್ದಗಳ ಲಿಖಿತ ರೂಪ ಬರಬರುತ್ತ ಗಟ್ಟಿಗೊಂಡಿತು. ನಾಲಗೆ ಮುಂದೆ ನಡೆಯಿತು. ಅಕ್ಷರ ನಿಂತಲ್ಲೇ ನಿಂತಿತು.

ಮಾಂಸವೆಂಬ ಅರ್ಥದ ‘ಮೀಟ್’, ಸಂಧಿಸುವುದೆಂಬ ಅರ್ಥದ ‘ಮೀಟ್’ ಇವೆರಡೂ ಇಂದು ಕಿವಿಗೆ ಒಂದೇ; ಕನ್ನಡದಲ್ಲಿ ಬರೆದರಂತೂ ಭೇದವೇ ಉಳಿಯದು. ಇಂಗ್ಲಿಷಿನ ಬರಹದಲ್ಲಿ ಮಾತ್ರ ಒಂದಕ್ಕೆ ‘ಇ’ಯ ಮುಂದೆ ‘ಎ’, ಇನ್ನೊಂದಕ್ಕೆ ಎರಡು ‘ಇ’. ಆ ಭೇದ ವ್ಯರ್ಥವಲ್ಲ. ಹಿಂದೆ ಅವು ಬೇರೆ ಬೇರೆ ಸ್ವರಗಳೇ ಆಗಿದ್ದವು. ಮೊದಲನೆಯದರ ಬರಹವನ್ನೇ ಹೊತ್ತ ‘ಗ್ರೇಟ್’, ‘ಬ್ರೇಕ್’ ಶಬ್ದಗಳು ಇಂದಿಗೂ ‘ಈ’ಕಾರಕ್ಕೆ ಏರದೆ ಉಳಿದಿವೆ.

ಬರೆದಂತೆ ಓದುವುದು ಕನ್ನಡದ ಮಕ್ಕಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಆದಕಾರಣ ‘ನೇಮ್’ ಎಂಬುದನ್ನು ‘ನಾಮೆ’ ಎಂದು ಓದಿದ ಹುಡುಗನನ್ನು ಗದರುವ ಮುನ್ನ ಉಪಾಧ್ಯಾಯರು ಒಂದು ಕ್ಷಣ ತಡೆಯಲಿ. ಅವನನ್ನು ತಿದ್ದಲೇಬೇಕು, ಆದರೆ ಆ ತಪ್ಪಿನಲ್ಲಿ ಆರುನೂರು ವರ್ಷಗಳ ಹಿಂದಿನ ಇಂಗ್ಲಿಷು ಕೇಳಿಸುತ್ತಿದೆಯೆಂಬುದನ್ನೂ ಹೇಳಲಿ. ಅದನ್ನು ಕೇಳಿದ ಹುಡುಗ ಮುಂದೊಂದು ದಿನ ಪೋಪನ ಪ್ರಾಸವನ್ನು ಕಂಡು ನಗಲಾರ. ‘ಟೇ’ ಎಂದು ಗಟ್ಟಿಯಾಗಿ ಓದಿಕೊಂಡಾನು.